ಎರಡು ಕಡ್ಡಿ, ಮೂರು ತೂತು

ನನಗೆ ವಿದ್ಯುತ್ತಿನ ಭಯವಿಲ್ಲ. ಭಯವಿರುವುದು ಅದರ ತೂತುಗಳದ್ದು.

ರಾಜಾಜಿನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದ ಕಾಲ. ನಮ್ಮ ಬಾಡಿಗೆ ಮನೆಯ ಗೋಡೆಯ ಸಾಕೆಟ್ಟಿನಲ್ಲಿ ದಪ್ಪನೆಯ ಮೂರು ತೂತುಗಳಿದ್ದವು. ನಾನು ಆಸೆಪಟ್ಟು ತಂದ ರೇಡಿಯೋದ ಬಾಲಕ್ಕೆ ತೆಳ್ಳನೆಯ ಎರಡು ಕಡ್ಡಿ. ಜಾತಕ ನೋಡದೆ ಮಾಡಿದ ಸಂಬಂಧ! ಚಿಕ್ಕಪೇಟೆಯ ಅಂಗಡಿಯವನನ್ನು ಕೇಳಿದರೆ, "ಗೋಡೆ ಒಂದ್ ಅಳತೆ, ರೇಡಿಯೋ ಒಂದ್ ಅಳತೆ. ನಾವೇನ್ ಮಾಡೋಣ ಸಾರ್?" ಎಂದ. ಅವನದೇನು ತಪ್ಪು? ಒಂದೂರಿನ ಸೇರು ಇನ್ನೊಂದೂರಿನಲ್ಲಿ ಮುಕ್ಕಾಲು ಸೇರಾಗುವ ನಾಡು ನಮ್ಮದು. ಅಕ್ಕಿಗೆ ಬಾರದ ಒಮ್ಮತ ತೂತಿಗೆ ಬಂದೀತೆ?

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ಸಂಜೆ ಅಮ್ಮ ರೇಡಿಯೋದಲ್ಲಿ ಹಾಡುವವಳಿದ್ದಳು. ಅಡುಗೆಮನೆ ಬಿಟ್ಟು ಬೇರೆಲ್ಲೂ ಹಾಡದ ಅಮ್ಮ! ನನ್ನ ತಮ್ಮ ಅವಳನ್ನು ರೇಡಿಯೋ ನಿಲಯಕ್ಕೆ ಕರೆದೊಯ್ದಿದ್ದ. ಹಾಡಿದ ಗಳಿಗೆಯಲ್ಲೇ ಕೇಳಬೇಕು; ತಪ್ಪಿದರೆ ಗಾಳಿಗೆ ಹೋದಂತೆ. ಅಪ್ಪನಿಗೆ ಇದೆಲ್ಲ ಹಿಡಿಸಿರಲಿಲ್ಲ. "ದೇವರ ಮುಂದೆ ಹಾಡಿದ್ರೆ ಸಾಲ್ದಾ, ಊರಿಗೆಲ್ಲ ಯಾಕೆ?" ಎಂದು ಜಗುಲಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದರು.

ದೀಪ ಹಚ್ಚುವ ಹೊತ್ತಾಯಿತು. ನಾನು ಗೋಡೆಯ ಮುಂದೆ ಮಂಡಿಯೂರಿ ಬೆವರುತ್ತಿದ್ದೆ. ನನ್ನ ಹೆಂಡತಿ ಶಾರದೆ ಪಕ್ಕದ ಮನೆಗೆ ಓಡಿ, ದಾವಣಗೆರೆ ಕಡೆಯ ಬಸಮ್ಮನವರನ್ನೇ ಕರೆತಂದಳು. ಅವರ ಕೈಯಲ್ಲಿ ಬಲ್ಬಿನ ಹೋಲ್ಡರಿಗೆ ಸಿಕ್ಕಿಸುವ ಒಂದು ಪ್ಲಗ್ಗು; ಅದರ ಬೆನ್ನಿಗೆ ಸಣ್ಣ ಎರಡು ತೂತು.

"ಬಲ್ಬ್ ಬಿಚ್ರೀ, ಇದನ್ನ ಹಾಕ್ರೀ. ನಮ್ಮ ಇಸ್ತ್ರಿಪೆಟ್ಟಿಗಿ ಹಿಂಗ ನಡೀತೈತಿ," ಎಂದರು.

ಮನೆಯಲ್ಲಿದ್ದದ್ದು ಅದೊಂದೇ ದೊಡ್ಡ ದೀಪ. ಸ್ಟೂಲು ಹತ್ತಿ ಬಿಚ್ಚಿದೆ, ಕತ್ತಲಾಯಿತು. ತಡಕಾಡಿ ಸಿಕ್ಕಿಸಿದೆ. ಕಡ್ಡಿಗಳು ತೂತಿನೊಳಗೆ ಸರಕ್ಕನೆ ಕೂತಾಗ ಆದ ಸಮಾಧಾನ ನನ್ನ ನೌಕರಿ ಕಾಯಂ ಆದ ದಿನವೂ ಆಗಿರಲಿಲ್ಲ. ಆದರೆ ರೇಡಿಯೋ ಮಾತಾಡಲಿಲ್ಲ.

"ಕೆಟ್ಟೋಯ್ತೇನ್ರೀ?" ಎಂದಳು ಶಾರದೆ.

"ಬಿಸಿಯಾಗ್ಬೇಕು ಕಣೇ, ತಾಳು."

ಗೊರಗೊರ ಎಂದಿತು, ಕೆಮ್ಮಿತು. ಆಮೇಲೆ, ನಡುಕವಿದ್ದರೂ ಶುದ್ಧವಾಗಿ, ಅಮ್ಮನ ದನಿ ಬಂತು.

ಯಾವಾಗಲೋ ಜಗುಲಿಯಿಂದ ಅಪ್ಪ ಒಳಗೆ ಬಂದು ನನ್ನ ಪಕ್ಕ ಕೂತಿದ್ದರು. ಮುಖ ಕಾಣುತ್ತಿರಲಿಲ್ಲ, ಮೂಗೊರೆಸಿಕೊಂಡ ಸದ್ದು ಮಾತ್ರ ಕೇಳಿತು. ಹಾಡು ಮುಗಿಯಿತು.

"ದೀಪ ಹಾಕ್ಸ್ಲಾ ಮಾವ?"

"ಸ್ವಲ್ಪ ಇರ್ಲಿ ಬಿಡಮ್ಮ."

ಎಲ್ಲದಕ್ಕೂ ಒಂದೊಂದು ಸರಿಯಾದ ತೂತಿದ್ದಿದ್ದರೆ ಆ ಕತ್ತಲು ಅಪ್ಪನಿಗೆ ದಕ್ಕುತ್ತಿರಲಿಲ್ಲ.

ಅಮ್ಮ ಮರಳಿ ಬಂದವಳು ಬಾಗಿಲಲ್ಲೇ ನಿಂತು, "ಕೇಳಿಸ್ತಾ?" ಎಂದಳು, ಯಾರನ್ನೂ ನೋಡದೆ.

"ಎರಡನೇ ಚರಣ ನೀನು ಸ್ವಲ್ಪ ಬೇಗ ಎತ್ಕೊಂಡೆ," ಎಂದರು ಅಪ್ಪ. "ನಾಳೆ ಬೆಳಗ್ಗೆ ಇನ್ನೊಂದ್ಸಲ ಹಾಡು, ನೋಡೋಣ."

ಅಮ್ಮ ನಿಂತಲ್ಲೇ ಆ ಚರಣವನ್ನು ಎತ್ತಿಕೊಂಡಳು. ಬೆಳಗಿನವರೆಗೆ ಕಾಯಲಿಲ್ಲ.