“ಆತು” ಎಂದುಬಿಟ್ಟೆ

ಅತ್ತೆ, ಒಲೆ ಸುಡುತ್ತದೆ ಎಂದು ನಾನು ನಿಮಗೆ ಹೇಳಿರಲಿಲ್ಲ. ಹೇಳಿದ್ದೆ ಎಂದು ಮನೆಯವರೆದುರು ಸುಳ್ಳು ಹೇಳಿದೆ. ಎರಡು ವರ್ಷದಿಂದ ನೀವೂ ಅದನ್ನೇ ನಂಬಿಕೊಂಡಿದ್ದೀರಿ — ನನಗೆ ತಡೆಯಲಾಗದಿರುವುದು ಅದೇ.

ಗ್ಯಾಸ್ ಸಿಲಿಂಡರಿಗಾಗಿ ಕಾದು ಕಾದು ಬೇಸತ್ತು ಹೊನ್ನಾವರದಿಂದ ಆ ಗಾಜಿನ ಕರೆಂಟ್ ಒಲೆ ತಂದವಳು ನಾನು. ಜೊತೆಗೆ ಬಂದ ಪುಸ್ತಕ ಓದಿದವಳೂ ನಾನೊಬ್ಬಳೇ. ಸ್ವಿಚ್ ಆರಿಸಿದರೆ ಗಾಜಿನ ಕೆಂಪು ಹೋಗುತ್ತದೆ, ಬಿಸಿ ಹೋಗುವುದಿಲ್ಲ. ತಣಿಯುವ ತನಕ ಮುಟ್ಟಬಾರದು, ಒದ್ದೆ ಬಟ್ಟೆ ತಾಗಿಸಬಾರದು ಎಂದು ದಪ್ಪ ಅಕ್ಷರದಲ್ಲೇ ಇತ್ತು. ಓದಿ ಕಪಾಟಿನಲ್ಲಿಟ್ಟೆ. ಒಲೆ ಬಂದ ದಿನದಿಂದ ನೀವು “ಬೆಂಕಿ ಇಲ್ದೇ ಎಂತ ಅಡುಗೆ” ಎಂದು ಮೂಗು ಮುರಿಯುತ್ತಿದ್ದಿರಿ. ನನಗೂ ಹಟ — ಬೇಕಾದರೆ ಕೇಳಲಿ ಎಂದು ಸುಮ್ಮನಿದ್ದೆ.

ನಿಮ್ಮ ಪದ್ಧತಿ ನನಗೆ ಗೊತ್ತಿರಲಿಲ್ಲವೇ? ಅನ್ನ ಇಳಿಸಿದ ಕೂಡಲೇ ಒಲೆ ಒರೆಸಬೇಕು, ಮುಸುರೆ ಕೂರಬಾರದು. ಮಣ್ಣಿನ ಒಲೆಯ ಕಾಲದಿಂದ ಹಾಗೆ ಪಳಗಿದ ಕೈ ನಿಮ್ಮದು. ಆ ಬೆಳಿಗ್ಗೆ ಗಂಜಿ ಉಕ್ಕಿ ಗಾಜಿನ ಮೇಲೆಲ್ಲ ಹರಿದಿತ್ತು. ನಾನು ಪಾತ್ರೆ ಇಳಿಸಿ, ಸ್ವಿಚ್ ಆರಿಸಿ, ಫೋನ್ ನೋಡುತ್ತ ನಿಂತಿದ್ದೆ. ನೀವು ಒದ್ದೆ ಬಟ್ಟೆ ಹಿಡಿದು ಬಂದು, ಆಯಿತೇ ಎಂದು ಕೇಳಿದಿರಿ.

“ಆತನೆ?”

“ಆತು.”

ನೀವು ಕೇಳಿದ್ದು ಒಲೆಯ ಬಗ್ಗೆ, ನಾನು ಹೇಳಿದ್ದು ಗಂಜಿಯ ಬಗ್ಗೆ — ಹೀಗೆಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ನಿಮ್ಮ ಕೈಯಲ್ಲಿದ್ದ ಬಟ್ಟೆ ನನಗೆ ಕಂಡಿತ್ತು. ಕಂಡೂ — ಇನ್ನೊಂದು ಮಾತು ಆಡಲು ಎಷ್ಟು ಹೊತ್ತು ಬೇಕಿತ್ತು?

ಒರೆಸಲೆಂದು ಗಾಜಿಗೆ ಒತ್ತಿದ ನಿಮ್ಮ ಅಂಗೈ ಪೂರ್ತಿ ಬೊಬ್ಬೆ ಎದ್ದಿತು. ಇವರು ಓಡಿ ಬಂದು ಹೇಗಾಯಿತೆಂದು ಕೇಳಿದಾಗ ನನ್ನ ನಾಲಿಗೆ ತಡವರಿಸಲೂ ಇಲ್ಲ. “ಒಲೆ ಸುಡ್ತದೆ ಅಂತ ಹೇಳಿದ್ದೆ. ಅತ್ತೆ ಕೇಳಲೇ ಇಲ್ಲ.”

ನೀವು ಜಗಳವಾಡಿದ್ದರೆ ನಾನು ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಕೈಯನ್ನು ತಣ್ಣೀರಿನಲ್ಲಿಟ್ಟುಕೊಂಡು ನನ್ನ ಮುಖ ನೋಡಿದಿರಿ, ಅಷ್ಟೆ. “ಹೇಳಿರ್ಬೇಕು. ನಂಗೇ ಈಗ ಎಂತದೂ ನೆನಪಿರ್ತಿಲ್ಲ” ಎಂದಿರಿ.

ಅಲ್ಲಿಂದ ಶುರುವಾಯಿತು. ಉಪ್ಪು ಹಾಕಿದ್ದೇನೆಯೇ ಎಂದು ಎರಡೆರಡು ಸಲ ಕೇಳುತ್ತೀರಿ. ಇಲ್ಲೇ ಹೊನ್ನಾವರದ ಪಕ್ಕದ ಕಾಸರಕೋಡಿನಿಂದ ಬರುವ ಮೀನಿನವಳ ಹತ್ತಿರ ನಲವತ್ತು ವರ್ಷ ಚೌಕಾಸಿ ಮಾಡಿದವರು, ಈಗ “ನೀನೇ ಮಾತಾಡು” ಎಂದು ಒಳಗೆ ಹೋಗುತ್ತೀರಿ. ಮನೆಯಲ್ಲಿ ಯಾವ ಕೀಲಿ ಕಳೆದರೂ ಇವರು “ಅಮ್ಮಂಗೆ ಮರೆವು” ಅನ್ನುತ್ತಾರೆ, ನಾನೂ ತಲೆಯಾಡಿಸುತ್ತೇನೆ. ಸಿಟ್ಟು ಬರುತ್ತದೆ ಅತ್ತೆ — ಇವರ ಮೇಲೆ, ಇಷ್ಟು ಸುಲಭವಾಗಿ ನಂಬಿದ ನಿಮ್ಮ ಮೇಲೂ. ಎಲ್ಲಕ್ಕಿಂತ ಹೆಚ್ಚು, ಹೇಳಬೇಕೆಂದು ಬಾಗಿಲವರೆಗೆ ಬಂದು ಚಹಾ ಬೇಕೇ ಎಂದು ಕೇಳಿ ಹಿಂದಿರುಗುವ ನನ್ನ ಮೇಲೆ.

ಸೋಮವಾರ ನಿಮ್ಮನ್ನು ಮರೆವಿಗೆ ಮದ್ದು ಕೊಡಿಸಲು ಕುಮಟೆಗೆ ಕರೆದೊಯ್ಯುತ್ತಾರಂತೆ. ಅದಕ್ಕೆ ಮೊದಲು, ಇಂದು ಮಧ್ಯಾಹ್ನ ಊಟಕ್ಕೆ ಕೂತಾಗ, ಇವರ ಎದುರೇ ಹೇಳುತ್ತೇನೆ. ನೀವು “ಇರ್ಲಿ ಬಿಡು” ಎನ್ನುತ್ತೀರಿ, ಗೊತ್ತು. ಅನ್ನಬೇಡಿ. ಆ ಬೆಳಿಗ್ಗೆ ನನ್ನ ಬಾಯಿಂದ ನಿಮಗೆ ಕೇಳಿಸಿದ್ದೇನು ಎಂದು ನೀವೇ ಎಲ್ಲರಿಗೂ ಹೇಳಿ. ನಿಮಗೆ ನೆನಪಿರುವುದೇ ನಿಜ.