ಕೈ ಎತ್ತಿದರೆ ಬೆಳಕು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೆಳೆದ ಅಜ್ರಾ ಅವರಿಗೆ, ಕೋಣೆಯಿಂದ ಹೊರಡುವಾಗ ಬೆರಳು ತಾನಾಗಿ ಸ್ವಿಚ್ಚಿನ ಕಡೆ ಹೋಗುತ್ತಿತ್ತು. ಅವರ ಮನೆಯಲ್ಲಿ ಮೊಸರು ಮುಗಿದ ಮೇಲೆಯೇ ಡಬ್ಬಿಯ ನಿಜವಾದ ಸಂಸಾರ ಶುರು. ಅಮೆರಿಕಕ್ಕೆ ಬಂದ ಮೇಲೂ, ಮನ್ರೋ ಊರಿನ ಮನೆಯಿಂದ ಪಕ್ಕದ ಸಮರ್‌ಸೆಟ್‌ನ ವಿಮಾ ಕಂಪನಿಗೆ ಅವರು ಊಟ ಒಯ್ಯುತ್ತಿದ್ದುದು ಅಂಥ ಡಬ್ಬಿಯಲ್ಲೇ. ಆಫೀಸಿನವರು ವರ್ಷಗಟ್ಟಲೆ ಇದನ್ನು ಜಿಪುಣತನ ಎಂದುಕೊಂಡಿದ್ದರು. 2008ರ ಕೊನೆಯಲ್ಲಿ ಬ್ಯಾಂಕುಗಳು ಮುಳುಗಿ, ಕಂಪನಿಗೆ ಇದ್ದಕ್ಕಿದ್ದಂತೆ ಭೂಮಿಯ ಮೇಲೆ ಪ್ರೀತಿ ಉಕ್ಕಿದಾಗ, ಅದಕ್ಕೇ ಸಸ್ಟೈನಬಿಲಿಟಿ, ಅಂದರೆ ಪರಿಸರ ಕಾಳಜಿ, ಎಂಬ ಹೆಸರು ಬಂತು.

ಮೊದಲು ಕಾಗದದ ಕಪ್ಪುಗಳು ಹೋದವು. ಅವುಗಳ ಹಿಂದೆಯೇ ಕಾಫಿಯೂ ಹೋಯಿತು. ಹೀಟಿಂಗ್ ಇಳಿಯಿತು, ಜನ ಕೋಟು ತೊಟ್ಟೇ ಕೆಲಸಕ್ಕೆ ಕೂತರು. ಗೋಡೆಯ ಸ್ವಿಚ್ಚುಗಳನ್ನು ಕಿತ್ತು ಚಾವಣಿಗೆ ಸೆನ್ಸರ್ ಹಾಕಿದರು. ಕೆಳಗೆ ಯಾರಾದರೂ ಅಲುಗಾಡಿದರೆ ದೀಪ, ಇಲ್ಲವಾದರೆ ಕತ್ತಲೆ. ಅಜ್ರಾ ಅವರ ಬೆರಳು ಬರಿಗೋಡೆ ತಡವಿ ಹಿಂತಿರುಗುತ್ತಿತ್ತು.

ಆಮೇಲೆ ಮನುಷ್ಯರೂ ಹೋಗತೊಡಗಿದರು. ಶುಕ್ರವಾರ ಬಂತೆಂದರೆ ಯಾರೋ ಒಬ್ಬರು ರಟ್ಟಿನ ಪೆಟ್ಟಿಗೆ ಅಪ್ಪಿಕೊಂಡು ಹೊರನಡೆಯುತ್ತಿದ್ದರು. ಇಡೀ ಸಾಲಿನಲ್ಲಿ ಒಬ್ಬರೇ ಉಳಿದ ಅಜ್ರಾ ಟೈಪ್ ಮಾಡುವುದನ್ನು ಸೆನ್ಸರ್ ಅಲುಗಾಟವೆಂದೇ ಒಪ್ಪುತ್ತಿರಲಿಲ್ಲ. ದೀಪ ಆರುತ್ತಿತ್ತು. ಅವರು ಕೈ ಎತ್ತಿ ಬೀಸುತ್ತಿದ್ದರು. ನಾನಿದ್ದೇನೆ ಎಂದು ಚಾವಣಿಗೆ ಹೇಳುವಂತೆ.

ಇರಲೇಬೇಕಿತ್ತು. ಗಂಡ ವಕಾರ್‌ಗೆ ಬರುವ ಆಗಸ್ಟಿನಲ್ಲಿ ಹೃದಯದ ಆಪರೇಷನ್ ಆಗಬೇಕಿತ್ತು. ಅದರ ಇನ್ಶೂರೆನ್ಸ್ ಈ ಕೆಲಸದ ಜೊತೆ ಅಂಟಿಕೊಂಡಿತ್ತು.

ಮೇ ತಿಂಗಳಲ್ಲಿ ಮುಕುಂದ್ ಅವರ ಮೇಜಿನ ಬಳಿ ಬಂದ. ಬೆಂಗಳೂರಿನ ಹುಡುಗ; ತನ್ನ ಹಳೆಯ ವಿಭಾಗ ಮುಚ್ಚಿದ ಮೇಲೆ ಸಸ್ಟೈನಬಿಲಿಟಿಯ ಮುಖ್ಯಸ್ಥನಾಗಿದ್ದ.

"ಆಂಟಿ, ಗುಡ್ ನ್ಯೂಸ್! ನಮ್ ಕಂಪನಿ ಕಾರ್ಬನ್ ಎಮಿಷನ್ಸ್ ಮೂರರಲ್ಲೊಂದು ಭಾಗ ಇಳಿದಿದೆ."

"ಜನಾನೂ ಅಷ್ಟೇ ಇಳ್ದಿದ್ದಾರಲ್ಲಪ್ಪ."

"ಅಯ್ಯೋ, ಹಂಗನ್ಬೇಡಿ! ಕಂಪನಿಯವ್ರೆಲ್ಲಾ ಸೇರೋ ಟೌನ್ ಹಾಲ್ ಮೀಟಿಂಗಲ್ಲಿ ನೀವೆರಡು ಮಾತಾಡ್ಬೇಕು. ಎಂಪ್ಲಾಯೀಸ್ ಎಲ್ಲಾ ಹ್ಯಾಬಿಟ್ಸ್ ಚೇಂಜ್ ಮಾಡ್ಕೊಂಡ್ರು, ಅದಕ್ಕೇ ಇಳೀತು ಅಂತ."

"ನಾನೇನು ಚೇಂಜ್ ಮಾಡ್ಕೊಂಡೆ? ಮದುವೆ ಆದಾಗ್ಲಿಂದ ಇದೇ ಡಬ್ಬಿ."

ಮುಕುಂದ್ ದನಿ ತಗ್ಗಿಸಿದ. "ಮಾತಾಡಿದ್ರೆ ನೀವೇ ಕಂಪನಿಯ ಗ್ರೀನ್ ಚಾಂಪಿಯನ್. ಅಂಥವ್ರನ್ನ ಯಾರೂ ಕೆಲಸದಿಂದ ತೆಗೆಯಲ್ಲ ಆಂಟಿ. ಅಂಕಲ್ ಆಪರೇಷನ್ ಒಂದು ಆಗ್ಲಿ."

ಸಭೆಯ ದಿನ ಉಳಿದವರೆಲ್ಲ ಹಾಲ್‌ನಲ್ಲಿ ಸೇರಿದರು. ಮುಂದಿನ ಶುಕ್ರವಾರ ತಮ್ಮದಿರಬಹುದೆಂದು ಯಾರೂ ಮಿಸುಕಲಿಲ್ಲ. ಅಜ್ರಾ ಮೈಕಿನ ಮುಂದೆ ನಿಂತರು. ಸುಳ್ಳು ನಾಲಿಗೆಯ ತುದಿಯವರೆಗೆ ಬಂತು, ಅಲ್ಲೇ ಕೂತಿತು. ಅವರು ಸುಮ್ಮನೆ ನಿಂತೇ ಇದ್ದರು. ಜನ ಸುಮ್ಮನೆ ನೋಡುತ್ತಲೇ ಇದ್ದರು. ಇಲ್ಲಿ ಯಾರೂ ಇಲ್ಲವೆಂದು ಸೆನ್ಸರ್ ತೀರ್ಮಾನಿಸಿತು.

ಕತ್ತಲೆ.

"ಎಲ್ಲರೂ ಕೈ ಎತ್ತಿ!" ಎಂದು ಅಜ್ರಾ ಇಂಗ್ಲಿಷಿನಲ್ಲಿ ಕೂಗಿ, ತಾವೂ ಎತ್ತಿದರು. ಹಾಲ್ ತುಂಬ ಕೈಗಳು ಎದ್ದವು. ದೀಪ ಹತ್ತಿತು, ಫೋಟೋಗ್ರಾಫರ್ ಕ್ಲಿಕ್ಕಿಸಿದ, ಯಾರೋ ಚಪ್ಪಾಳೆ ಹೊಡೆದರು. ಭಾಷಣ ಅಲ್ಲಿಗೆ ಮುಗಿಯಿತು.

ಆ ಚಿತ್ರ ಕಂಪನಿಯ ವರದಿಯ ಮುಖಪುಟಕ್ಕೆ ಬಂತು. ಕೆಳಗೆ, 'ಭೂಮಿಗಾಗಿ ನಾವೆಲ್ಲ ಕೈ ಎತ್ತಿದ್ದೇವೆ.'

ಜುಲೈನಲ್ಲಿ ರಟ್ಟಿನ ಪೆಟ್ಟಿಗೆ ಹಿಡಿದು ಬಂದವನು ಮುಕುಂದನೇ.

"ನಿನ್ನನ್ನೇ ತೆಗೆದ್ರೇನಪ್ಪ? ನಾನಲ್ವಾ ಭಾಷಣ ಕೆಡಿಸಿದ್ದು?"

"ನೀವು ಕವರ್ ಮೇಲಿದ್ದೀರಲ್ಲ ಆಂಟಿ. ನಿಮ್ಮನ್ನ ತೆಗೆದ್ರೆ ರಿಪೋರ್ಟ್ ವಾಪಸ್ ಪ್ರಿಂಟ್ ಮಾಡ್ಬೇಕು. ಪೇಪರ್ ವೇಸ್ಟು." ಅವನಿಗೇ ನಗು ಬಂತು.

ಅಜ್ರಾ ತಮ್ಮ ಊಟವನ್ನು ಅವನ ಪೆಟ್ಟಿಗೆಯೊಳಗೆ ಇಟ್ಟರು. "ಕುಷ್ಕಾ ಇದೆ, ತಿನ್ನು. ಡಬ್ಬಿ ಮಾತ್ರ ವಾಪಸ್ ತಂದುಕೊಡ್ಬೇಕು."

ಅವನು ಖಾಲಿ ಕುರ್ಚಿಗಳ ನಡುವೆ ನಡೆದು ಬಾಗಿಲು ತಲುಪುವಷ್ಟರಲ್ಲಿ ಇವರ ಮೇಲಿನ ದೀಪ ಆರಿತು. ಅಜ್ರಾ ಅಭ್ಯಾಸದಂತೆ ಕೈ ಎತ್ತಿ ಬೀಸಿದರು. ದೂರದಿಂದ ಮುಕುಂದ್ ತಿರುಗಿ ನೋಡಿದ. ಪೆಟ್ಟಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು, ತಾನೂ ಕೈ ಬೀಸಿದ.