ತೆನೆ ಹಬ್ಬದ ಟೇಪು

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಅದು ಎಂಬತ್ತನಾಲ್ಕೋ ಎಂಬತ್ತೈದೋ ಎಂಬುದೇ ನನಗೆ ಖಚಿತವಿಲ್ಲ. ರಿಯಾದ್‌ನಲ್ಲಿದ್ದಷ್ಟು ವರ್ಷ ದಿನವೂ ಇಸವಿ ಹಾಕದ ನೋಟುಬುಕ್ಕಿನಲ್ಲಿ ಡೈರಿ ಬರೆದಿದ್ದೇನೆ, ಆದರೆ ಯಾರಾದರೂ ಓದಿಬಿಟ್ಟರೆ ಎಂಬ ಹೆದರಿಕೆಯಿಂದ ಮುಖ್ಯವಾದದ್ದನ್ನೇ ಬಿಟ್ಟು ಬರೆದಿದ್ದೇನೆ. ಆ ತೆನೆ ಹಬ್ಬದ ದಿನದ ಪುಟದಲ್ಲಿರುವುದು ಇಷ್ಟು: "ಅಕ್ಕನ ಮನೆಯಲ್ಲಿ ಊಟ. ವಿಪರೀತ ಸೆಖೆ." ನಾವು ಮಾತಾಡಿದ್ದು ಕೊಂಕಣಿಯಲ್ಲಿ. ಈಗ ಕನ್ನಡಕ್ಕೆ ತರುವಾಗ ಇನ್ನಷ್ಟು ಏನೋ ಬದಲಾಗುತ್ತಿದೆ ಎಂಬ ಅನುಮಾನವೂ ಇದೆ.

ಅಕ್ಕ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ರಿಯಾದ್‌ನ ಮಲಾಜ್ ಬಡಾವಣೆಯಲ್ಲಿ ಅವಳ ಫ್ಲ್ಯಾಟು, ಎರಡು ಬೀದಿ ದಾಟಿದರೆ ನಮ್ಮದು. ಅಕ್ಕನ ಮೇಲಿನ ಮಹಡಿಯಲ್ಲಿ ಅದೇ ಆಸ್ಪತ್ರೆಯ ಸಿರಿಯಾದ ಡಾಕ್ಟರೊಬ್ಬರ ಸಂಸಾರವಿತ್ತು. ಅವರ ಹೆಂಡತಿ ಉಕ್ರೇನಿನವಳು. ಡಾಕ್ಟರು ಕೀವ್‌ನಲ್ಲಿ ಓದುವಾಗ ಮದುವೆಯಾದವಳು, ಗಂಡನ ದೇಶದ ಕಾಗದಪತ್ರದ ಮೇಲೆ ಇಲ್ಲಿಗೆ ಬಂದವಳು. ನಾವೆಲ್ಲ ಅವಳನ್ನು ರಷ್ಯಾದವಳು ಎನ್ನುತ್ತಿದ್ದೆವು, ಅವಳು ಪ್ರತಿ ಸಲವೂ ತಿದ್ದುತ್ತಿದ್ದಳು.

ತನ್ನ ಊರಿನಲ್ಲಿ ಅವಳು ವಕೀಲೆಯಾಗಿದ್ದಳಂತೆ. ಕಾರ್ಖಾನೆಯ ಹೆಂಗಸರ ಪರವಾಗಿ ಕೋರ್ಟಿಗೆ ಹೋಗುತ್ತಿದ್ದೆ ಎಂದು ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿದ್ದಳು. ರಿಯಾದ್‌ನಲ್ಲಿ ಆ ಓದಿಗೆ ಏನೂ ಕೆಲಸವಿರಲಿಲ್ಲ. ಗಂಡ ಒಂದು ವಿಡಿಯೊ ಕ್ಯಾಮೆರಾ ತಂದುಕೊಟ್ಟರು. ಮೊದಲು ತನ್ನ ಮಕ್ಕಳನ್ನು ಅದರಲ್ಲಿ ಹಿಡಿದಳು, ಆಮೇಲೆ ಮದುವೆ ಮನೆಗಳಿಂದ ಕರೆ ಬಂತು. ಹೆಂಗಸರು ಕೂರುವ ಕಡೆ ಗಂಡಸರು ಕ್ಯಾಮೆರಾ ಹಿಡಿದು ಹೋಗುವಂತಿಲ್ಲವಲ್ಲ. ಎರಡು ವರ್ಷದಲ್ಲಿ ಆ ಕಡೆಯ ಅರಬ್ ಮನೆಗಳಲ್ಲೆಲ್ಲ ಅವಳ ಪರಿಚಯವಾಗಿತ್ತು.

ಸೆಪ್ಟೆಂಬರಿನಲ್ಲಿ ಮಂಗಳೂರು ಕಡೆಯ ಕ್ರೈಸ್ತರಾದ ನಮ್ಮ ತೆನೆ ಹಬ್ಬ. ಅಮ್ಮ ಪ್ರತಿ ವರ್ಷ ಇಗರ್ಜಿಯಲ್ಲಿ ಆಶೀರ್ವಾದವಾದ ಭತ್ತದ ತೆನೆಯನ್ನು ಕಾಗದದ ಮಡಿಕೆಯೊಳಗಿಟ್ಟು ಅಂಚೆಗೆ ಹಾಕುತ್ತಿದ್ದಳು. ಅದು ತಲುಪಿದ ಮೇಲೆ ಬರುವ ಶುಕ್ರವಾರವೇ ನಮ್ಮ ಹಬ್ಬ. ತೆನೆಯ ಕಾಳನ್ನು ಸುಲಿದು, ಅರೆದು, ತೆಂಗಿನ ಹಾಲಿನಲ್ಲಿ ಬೆರೆಸಿ ಹಿರಿಯರ ಕೈಯಿಂದ ಒಂದೊಂದು ಚಮಚ ತೆಗೆದುಕೊಳ್ಳಬೇಕು. ಮೀನು ಮಾಂಸ ಇಲ್ಲ, ತರಕಾರಿ ಪಲ್ಯಗಳು ಬೆಸ ಸಂಖ್ಯೆಯಲ್ಲಿ. ಅದಕ್ಕೆ ಮೊದಲು ಜಪ. ಆ ದೇಶದಲ್ಲಿ ನಮ್ಮಂಥವರು ನಾಲ್ಕು ಜನ ಸೇರಿ ಜಪ ಮಾಡುವುದು ಇಕಾಮಾ, ಅಂದರೆ ಅಲ್ಲಿರುವ ಪರವಾನಗಿಯನ್ನೇ, ಕಳೆದುಕೊಳ್ಳುವ ಕೆಲಸ. ಬಾಗಿಲಿಗೆ ಚಿಲಕ, ಏಸಿ ಜೋರು, ಚಪ್ಪಲಿಗಳೆಲ್ಲ ಒಳಗೆ. ಮಕ್ಕಳೂ ಪಿಸುಗುಟ್ಟುತ್ತಿದ್ದರು.

ಆ ಸಲ ಮೇಲಿನ ಮಹಡಿಯವಳನ್ನು ಕರೆದದ್ದು ಅಕ್ಕನೇ. ಅಮ್ಮನಿಗೆ ಒಂದು ಟೇಪು ಕಳಿಸುವ ಆಸೆ. ಊರಿನಲ್ಲಿ ಅಮ್ಮನ ಪಕ್ಕದ ಮನೆಗೆ ವಿಸಿಆರ್ ಬಂದಿತ್ತು.

ಅವಳು ಬಂದು ಕ್ಯಾಮೆರಾ ನಿಲ್ಲಿಸಿದಳು, ಆದರೆ ಊಟ ಹಿಡಿಯಲಿಲ್ಲ. ಹಬ್ಬಕ್ಕೆ ಸೇರಿದ್ದ ನಮ್ಮ ಕಡೆಯ ಹೆಂಗಸರಲ್ಲಿ ಒಬ್ಬೊಬ್ಬರನ್ನೇ ಕುರ್ಚಿಯಲ್ಲಿ ಕೂರಿಸಿದಳು. ಮೊದಲು ನಿನ್ನ ಹೆಸರು ಹೇಳು, ಊರು ಹೇಳು, ಇಲ್ಲಿ ಏನು ಕೆಲಸ ಹೇಳು, ಆಮೇಲೆ ಈ ಹಬ್ಬ ಎಂತದು ಹೇಳು. ಸಾಕ್ಷಿ ಹೇಳುವವರು ಮೊದಲು ತಾವು ಯಾರೆಂದು ಹೇಳಬೇಕು, ಇಲ್ಲದಿದ್ದರೆ ಹೇಳಿದ್ದಕ್ಕೆ ಬೆಲೆಯಿಲ್ಲ ಎನ್ನುವುದು ಅವಳ ವಕೀಲಿಕೆ.

"ಇವಳೆಂತ ಮಾರಾಯ್ತಿ, ಊಟಕ್ಕೆ ಬಂದದ್ದಾ, ವಿಚಾರಣೆಗೆ ಬಂದದ್ದಾ?" ಎಂದಳು ಅಕ್ಕ. ಎಲ್ಲರೂ ನಕ್ಕೆವು.

ನಕ್ಕು, ಹೇಳಿದೆವು. ಅದೇ ನನಗೆ ಇಂದಿಗೂ ಅರ್ಥವಾಗದ್ದು. ಚಪ್ಪಲಿಯನ್ನು ಸಹ ಬಚ್ಚಿಟ್ಟ ನಾವು ಆ ಕುರ್ಚಿಯಲ್ಲಿ ಕೂತು ಹೆಸರು, ಮನೆತನ, ಇಗರ್ಜಿ, ಗಂಡನ ಕಂಪನಿ ಎಲ್ಲವನ್ನೂ ಒಪ್ಪಿಸಿದೆವು. ಆ ದೇಶದಲ್ಲಿ ನೀನು ಯಾರು ಎಂದು ಯಾರೂ ನಮ್ಮನ್ನು ಕೇಳಿರಲಿಲ್ಲ, ಅದಕ್ಕಿರಬೇಕು. ನಾನಂತೂ ಕಾಲೇಜಿನಲ್ಲಿ ಓದಿದ ವಿಷಯವನ್ನೂ ಸೇರಿಸಿದೆ. ಕೊನೆಗೆ ಅಕ್ಕ ತೆನೆಯನ್ನು ಕ್ಯಾಮೆರಾಕ್ಕೆ ತೋರಿಸಿ, ಜಪ ಶುರುಮಾಡಿದಳು. ಅದನ್ನೂ ಉಕ್ರೇನಿನವಳು ಹಿಡಿದಳು. ಟೇಪನ್ನು ಚೊಕ್ಕಮಾಡಿ ಕೊಡುತ್ತೇನೆಂದು ಮೇಲಕ್ಕೆ ಒಯ್ದಳು.

ಹತ್ತು ದಿನವಾಗಿತ್ತೋ, ಹದಿನೈದೋ. ಮಧ್ಯಾಹ್ನ ನನ್ನ ಗಂಡ ಆಫೀಸಿನಿಂದ ಬೇಗ ಬಂದರು. ಬೆಳಿಗ್ಗೆ ಡಾಕ್ಟರ ಮನೆಗೆ ಮೂವರು ಗಂಡಸರು ಬಂದು ಇದ್ದ ಟೇಪುಗಳನ್ನೆಲ್ಲ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋದರಂತೆ. ಯಾವ ಇಲಾಖೆಯವರೆಂದು ಯಾರಿಗೂ ಗೊತ್ತಿಲ್ಲ. ಯಾವುದೋ ಮದುವೆಯಲ್ಲಿ ದೊಡ್ಡ ಮನೆಯ ಹೆಂಗಸರನ್ನು ಕ್ಯಾಮೆರಾದಲ್ಲಿ ಹಿಡಿದಳು ಎಂದು ಯಾರೋ ದೂರು ಕೊಟ್ಟಿದ್ದರಂತೆ.

ಗಂಡ ಕೇಳಿದ್ದು ಒಂದೇ ಪ್ರಶ್ನೆ. "ನೀನು ಅದರಲ್ಲಿ ನನ್ನ ಕಂಪನಿ ಹೆಸರು ಹೇಳಿದ್ದೀಯಾ?"

ನಾನು ಎದ್ದು ಬಾಗಿಲಿಗೆ ಚಿಲಕ ಹಾಕಿದೆ.

ಆಮೇಲಿನ ಮೂರು ದಿನ ನೆನಪಿನಲ್ಲಿ ಒಂದೇ ಉದ್ದನೆಯ ದಿನವಾಗಿ ಉಳಿದಿದೆ. ಲಿಫ್ಟ್ ನಿಂತ ಸದ್ದಾದಾಗಲೆಲ್ಲ ಬಾಗಿಲ ಕಿಂಡಿಯಲ್ಲಿ ಇಣುಕುತ್ತಿದ್ದೆ. ಗಂಡ ಗೋಡೆಯ ಕ್ಯಾಲೆಂಡರ್ ತೆಗೆದರು, ಅದರಲ್ಲಿ ಮಾತೆಯ ಚಿತ್ರವಿತ್ತು. ಅಮ್ಮನ ಕಾಗದಗಳನ್ನು ನೆನೆಹಾಕಿ ಕಿವುಚಿ ಎಸೆದೆ. ಎರಡು ಸೂಟ್‌ಕೇಸು ಕಟ್ಟಿ, ಕಟ್ಟಿದ್ದು ಕಂಡರೆ ಸಂಶಯ ಬರುತ್ತದೆಂದು ಮತ್ತೆ ಬಿಚ್ಚಿದೆ. ಬಂದವರು ನಮ್ಮನ್ನು ಹುಡುಕಬೇಕಾಗಿಯೇ ಇರಲಿಲ್ಲ. ಮುಖದ ಜೊತೆಗೆ ಹೆಸರನ್ನೂ ಗಂಡನ ಕಂಪನಿಯನ್ನೂ ನಾವೇ ಕೊಟ್ಟಿದ್ದೆವು. ಆ ಕುರ್ಚಿಯಲ್ಲಿ ಕೂತ ಹೆಂಗಸರು ಪರಸ್ಪರ ಫೋನ್ ಮಾಡುವುದನ್ನೇ ನಿಲ್ಲಿಸಿದರು.

ನಾಲ್ಕನೆಯ ದಿನ ಅಕ್ಕ ಬಂದಳು. ಆಸ್ಪತ್ರೆಯ ಡ್ಯೂಟಿ ಮುಗಿಸಿ, ಮೈತುಂಬ ಹೊದ್ದ ಕರಿಯ ಅಬಾಯಾ ಕೂಡ ತೆಗೆಯದೆ ಅಡುಗೆಮನೆಯಲ್ಲಿ ನಿಂತಳು. "ನಮ್ಮ ಟೇಪು ಅವರು ಒಯ್ದದ್ದರಲ್ಲಿ ಇಲ್ಲ. ನಾನು ಕತ್ತರಿಯಲ್ಲಿ ತುಂಡು ತುಂಡು ಮಾಡಿ, ಮೀನಿನ ಕರುಳಿನ ಒಟ್ಟಿಗೆ ಕಟ್ಟಿ ಬಿಸಾಡಿದ್ದೇನೆ. ಇನ್ನು ಅದರ ಸುದ್ದಿ ಬೇಡ."

ನಾನು ಅವಳನ್ನು ತಬ್ಬಿಕೊಂಡು ಅತ್ತೆ. ಹೇಗೆ, ಯಾವಾಗ ಎಂದು ಕೇಳಲಿಲ್ಲ. ಬದುಕಿಕೊಂಡೆವಲ್ಲ, ಅಷ್ಟು ಸಾಕಾಗಿತ್ತು. ಮೇಲಿನ ಮಹಡಿಯವಳು ಏನಾದಳು ಎಂದೂ ಕೇಳಲಿಲ್ಲ ಎಂದು ಬರೆಯುವಾಗ ನಾಚಿಕೆಯಾಗುತ್ತದೆ. ಅವಳನ್ನು ಎರಡು ಸಲ ಕರೆಸಿ ವಿಚಾರಿಸಿದರಂತೆ. ಆ ತಿಂಗಳೊಳಗೆ ಮಕ್ಕಳ ಜೊತೆ ದೇಶ ಬಿಡಬೇಕಾಯಿತು. ಡಾಕ್ಟರು ಹಿಂದೆ ಉಳಿದರು. ಆ ಸಂಸಾರ ಮತ್ತೆ ಕೂಡಲಿಲ್ಲ ಎಂದು ಬಹಳ ವರ್ಷಗಳ ನಂತರ ಕೇಳಿದೆ.

ಕೀವ್‌ಗೆ ಮರಳಿದ ಅವಳು ಕೋರ್ಟಿಗೆ ಹೋಗಲಿಲ್ಲ, ಸಾಕ್ಷ್ಯಚಿತ್ರ ಮಾಡತೊಡಗಿದಳು. ಕುರ್ಚಿಯಲ್ಲಿ ಕೂತ ಹೆಂಗಸರು, ಮೊದಲು ಹೆಸರು, ಆಮೇಲೆ ಊರು, ಆಮೇಲೆ ಬದುಕು. ಯುರೋಪಿನಲ್ಲಿ ಕೆಲಸದಲ್ಲಿರುವ ನನ್ನ ಮಗಳು ಒಂದು ಸಣ್ಣ ಸಭಾಂಗಣದಲ್ಲಿ ಅಂಥ ಒಂದು ಚಿತ್ರ ನೋಡಿದಳು. ಅದರಲ್ಲಿ ಕೊನೆಗೆ ಅವಳೇ ಕುರ್ಚಿಯಲ್ಲಿ ಕೂರುತ್ತಾಳಂತೆ, ತಲೆಯೆಲ್ಲ ಬೆಳ್ಳಗಾಗಿ. ಮರುಭೂಮಿಯ ಊರಿನಲ್ಲಿ ತನ್ನ ಟೇಪುಗಳನ್ನು ಒಯ್ದದ್ದನ್ನು ಹೇಳುತ್ತಾಳಂತೆ. ಹಿಂದಿನ ದಿನ ಸಂಜೆ ಕೆಳಗಿನ ಮನೆಯ ನರ್ಸ್ ಬಂದು ತಮ್ಮ ಹಬ್ಬದ ಟೇಪನ್ನು ಮಾತ್ರ ಕೇಳಿ ತೆಗೆದುಕೊಂಡು ಹೋದಳು, ಚಹಾ ಕುಡಿದು ಹೋದಳು, ಉಳಿದದ್ದನ್ನು ಬಚ್ಚಿಡು ಎಂದು ಒಂದು ಮಾತು ಹೇಳಲಿಲ್ಲ ಎನ್ನುತ್ತಾಳಂತೆ. ಇದು ಮಗಳು ಫೋನಿನಲ್ಲಿ ಹೇಳಿದ್ದು, ಅದೂ ಪರದೆಯ ಕೆಳಗಿನ ಇಂಗ್ಲಿಷ್ ಸಾಲುಗಳನ್ನು ಓದಿ. ಎಲ್ಲೋ ತಪ್ಪಿರಲಿ ಎಂದು ಈಗಲೂ ಆಸೆಪಡುತ್ತೇನೆ.

ಆಸ್ಪತ್ರೆಯ ಕಚೇರಿಯಲ್ಲಿ ಅಕ್ಕನ ಕಿವಿಗೆ ಏನೋ ಬಿದ್ದಿರಬಹುದು. ಅಥವಾ ಯಾರಾದರೂ ಅವಳನ್ನೇ ಕರೆದು, ಮೇಲಿನ ಮನೆಯವಳ ಬಗ್ಗೆ ಕೇಳಿ, ಇಕಾಮಾ ನೆನಪಿಸಿರಬಹುದು. ಎರಡನ್ನೂ ನಾನು ನಂಬಬಲ್ಲೆ. ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂಬುದು ಮಾತ್ರ ಗೊತ್ತಿಲ್ಲ. ಕಳೆದ ವರ್ಷ ಮಂಗಳೂರಿಗೆ ಹೋದಾಗ ಅಕ್ಕನ ಮನೆಯ ಬಾಲ್ಕನಿಯಲ್ಲಿ ಇಬ್ಬರೇ ಕೂತಿದ್ದಾಗ ಕೇಳಿಬಿಟ್ಟೆ. ಅಕ್ಕ ನನ್ನ ಮುಖ ನೋಡಿದಳು, ಆಮೇಲೆ ಒಣಹಾಕಿದ್ದ ಬಟ್ಟೆ ತೆಗೆಯಲು ಎದ್ದಳು. ಅಂದಿನಿಂದ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ, ಎಲ್ಲದರ ಬಗ್ಗೆಯೂ. ಅಂದು ಬಾಲ್ಕನಿಯಲ್ಲಿ ನಾನು ಕೇಳಿದ್ದು ಇಷ್ಟೇ:

"ಅವರು ಮಾರನೆಯ ದಿನ ಬರುತ್ತಾರೆಂದು ನಿನಗೆ ಹೇಗೆ ಗೊತ್ತಿತ್ತು, ಅಕ್ಕ?"